ಬಾನೆಟ್ಟಿನ ಮೇಲಿನ ಮೂರು ಗೆರೆ

ನಮ್ಮ ಮಾವನವರಿಗೆ ಕಾರಿನ ಬಗ್ಗೆ ಗೊತ್ತಿದ್ದದ್ದು ಒಂದೇ ಸಂಗತಿ: ಒಳಗೆ ಕೂತವರನ್ನು ಹೊರಗೆ ನಿಂತವರು ನೋಡುತ್ತಾರೆ. ಅಷ್ಟು ಗೊತ್ತಿದ್ದರೆ ಸಾಕೆಂದುಕೊಂಡು ಕಾರು ಕೊಂಡರು. ಮೆಣಸಿನಕಾಯಿ ಚೀಲಕ್ಕೆ ಕೈ ಹಾಕಿ, ಒಂದು ಕಾಯಿ ಮುರಿದು ಮೂಸಿ, ಅದು ಯಾವ ಊರಿನ ಬೆಳೆ ಎಂದು ಹೇಳಬಲ್ಲ ಮನುಷ್ಯ, ಕಾರಿನ ಸುತ್ತ ಒಂದು ಸುತ್ತು ಬಂದು, ಎಮ್ಮೆಯ ಬೆನ್ನು ತಟ್ಟಿದ ಹಾಗೆ ಬಾನೆಟ್ಟನ್ನು ತಟ್ಟಿ, "ಗಟ್ಟಿ ಐತೆ" ಎಂದರು. ವ್ಯಾಪಾರ ಮುಗಿಯಿತು.

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯೊಳಗಿತ್ತು. ಹತ್ತಿ ಗಿರಣಿಯ ಕೂಗಿಗೆ ಊರು ಏಳುತ್ತಿತ್ತು, ಗಿರಣಿಯ ಕೂಗಿಗೇ ಉಣ್ಣುತ್ತಿತ್ತು. ನಮ್ಮ ಮನೆ ಮಂಡಿಪೇಟೆಯಲ್ಲಿ. ಮುಂದೆ ಅಂಗಡಿ, ಹಿಂದೆ ಮನೆ, ಅದರ ಹಿಂದೆ ಕಲ್ಲು ಹಾಸಿದ ಹಿತ್ತಲು. ಮನೆಯಲ್ಲಿ ನಾಲ್ಕೇ ಜನ: ಮಾವ, ಅತ್ತೆ, ನನ್ನ ಗಂಡ, ನಾನು. ಮಾತಾಡುತ್ತಿದ್ದವರು ಒಬ್ಬರೇ. ಉಳಿದ ಮೂವರಲ್ಲಿ ಇಬ್ಬರು ಕೇಳುತ್ತಿದ್ದರು, ನಾನು ಕೇಳಿದ ಹಾಗೆ ಮಾಡುತ್ತಿದ್ದೆ.

ನಾನು ಹರಿಹರದ ಹುಡುಗಿ. ಅಪ್ಪ ಅಲ್ಲಿ ಅಂಚೆ ಕಚೇರಿಯಲ್ಲಿದ್ದರು. ನನ್ನ ಮದುವೆಯಾದ ಮೇಲೆ ದೂರದ ಊರಿಗೆ ವರ್ಗವಾಗಿ ಹೋದರು. ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಟೀಚರ್ ಟ್ರೈನಿಂಗೂ ಮುಗಿಸಿದ್ದೆ. ಮದುವೆಯಾಗಿ ಮೂರು ವರ್ಷ ಆ ಓದನ್ನೆಲ್ಲ ಅಂಗಡಿಯ ಚೀಲಗಳ ಮೇಲೆ ಊರಿನ ಹೆಸರು ಬರೆಯುವುದಕ್ಕೆ ಬಳಸಿದೆ. ಆ ವರ್ಷ ಜ್ಯೇಷ್ಠದಲ್ಲಿ, ಹರಿಹರದಲ್ಲಿ ನಾನು ಓದಿದ್ದ ಹೆಣ್ಣುಮಕ್ಕಳ ಶಾಲೆಯ ದೊಡ್ಡ ಟೀಚರಿಂದ ಒಂದು ಕಾಗದ ಬಂತು. ಲೆಕ್ಕ ಕಲಿಸುವ ಟೀಚರು ಮದುವೆಯಾಗಿ ಹೋಗುತ್ತಾಳೆ, ಶ್ರಾವಣದ ಎರಡನೆಯ ಶನಿವಾರದೊಳಗೆ ನೀನು ಬಂದು ರಿಜಿಸ್ಟರಿಗೆ ಸಹಿ ಹಾಕಿದರೆ ಆ ಜಾಗ ನಿನ್ನದು, ಆಮೇಲೆ ಕಮಿಟಿಯವರನ್ನು ತಡೆಯುವುದು ನನ್ನಿಂದ ಆಗುವುದಿಲ್ಲ ಎಂದು ಬರೆದಿದ್ದರು. ಆ ಕಾಗದವನ್ನು ನಾನು ಟ್ರಂಕಿನಲ್ಲಿ, ಮದುವೆ ಸೀರೆಯ ಮಡಿಕೆಯೊಳಗೆ ಇಟ್ಟೆ. ದಿನಕ್ಕೊಮ್ಮೆಯಾದರೂ ತೆಗೆದು ಓದುತ್ತಿದ್ದೆ. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ.

ಕಾಗದದ ವಿಷಯ ಹೇಳಿದಾಗ ಮಾವ ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು.

"ನಾನು ಬ್ಯಾಡ ಅನ್ನಲ್ಲಮ್ಮ," ಎಂದರು. "ಆದ್ರ ನಮ್ಮ ಮನೆ ಸೊಸೆ ಬಸ್ಸಿನಾಗ ಕಂಡೋರ ಮಗ್ಗುಲಿಗೆ ಕೂತ್ಕಂಡು ಹೋಗಂಗಿಲ್ಲ. ಹೆಂಗೂ ಕಾರು ಬಂದೈತೆ. ಬಣ್ಣ ಆಗ್ಲಿ. ಕಾರಿನಾಗ ಹೋಗು, ಕಾರಿನಾಗ ಬಾ."

ಹರಿಹರಕ್ಕೆ ಒಂಬತ್ತು ಮೈಲಿ. ದಿನಕ್ಕೆ ಎಷ್ಟೋ ಬಸ್ಸು, ಮೇಲೆ ರೈಲು. ಅಂಥ ಊರಿಗೆ ಹೋಗಲು ಕಾರಿನ ಬಣ್ಣ ಒಣಗಬೇಕು ಎಂಬ ಮಾತನ್ನು ಕೇಳಿ ನನಗೆ ನಗು ಬರಬೇಕಿತ್ತು. ಬರಲಿಲ್ಲ. ನಿಜ ಹೇಳುತ್ತೇನೆ, ಆ ಮಾತು ನನಗೆ ಹಿಡಿಸಿತು. ಶಾಲೆಯ ಗೇಟಿನ ಮುಂದೆ ಕಾರು ನಿಲ್ಲುವುದು, ನಾನು ಸೆರಗು ಸರಿಮಾಡಿಕೊಂಡು ಇಳಿಯುವುದು, ನನ್ನ ಜೊತೆ ಓದಿ ಈಗ ಅಲ್ಲೇ ಕೆಲಸ ಮಾಡುತ್ತಿದ್ದವರು ಕಿಟಕಿಯಿಂದ ನೋಡುವುದು, ಇದನ್ನೆಲ್ಲ ಅದೇ ಸಂಜೆ ರೊಟ್ಟಿ ಬಡಿಯುತ್ತಾ ಕಲ್ಪಿಸಿಕೊಂಡೆ.

ಕಾರು ಹಳೆಯದು. ಯಾರೋ ನಿವೃತ್ತ ಎಂಜಿನಿಯರರು ಸಾಕಷ್ಟು ಓಡಿಸಿ ಬಿಟ್ಟಿದ್ದು. ಮೇಲಿನ ಕಪ್ಪು ಬಣ್ಣ ಅಲ್ಲಲ್ಲಿ ಎದ್ದು, ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ಆ ಮೋರೆಯ ಕಾರಿನಲ್ಲಿ ಸೊಸೆಯನ್ನು ಕಳಿಸಿದರೆ ಮಂಡಿಪೇಟೆ ನಗುತ್ತದೆ ಎಂದು ಮಾವನವರ ಭಯ. ಅದಕ್ಕೆ ಹರಿಹರದಿಂದ ಪೇಂಟರ್ ಸಾಬರನ್ನು ಕರೆಸಿದರು. ಬಸ್ಸುಗಳಿಗೆ ಬಣ್ಣ ಹೊಡೆದು ಹೆಸರಾದವರು, ವಯಸ್ಸಾದವರು. ಉಗುರಿನಿಂದ ಒಂದು ಚಕ್ಕೆ ಎಬ್ಬಿಸಿ ನೋಡಿದರು.

"ಇದರ ಮ್ಯಾಲೆ ಹಚ್ಚಿದ್ರೆ ನಿಲ್ಲಲ್ಲ ಸಾವ್ಕಾರ್ರೆ. ಹಳೇದೆಲ್ಲ ತಗಡಿನ ತನಕ ತೆಗೀಬೇಕು. ನಮ್ಮ ಶೆಡ್ಡಿಗೆ ಕಳಿಸ್ರಿ, ತೆಗೆದು, ಅಸ್ತರ್ ಹೊಡೆದು, ಬಣ್ಣ ಮಾಡಿ ಕಳಿಸ್ತೀನಿ."

"ಸಿಪ್ಪೆ ಸುಲಿಯೋಕೆ ನಿಮ್ಮ ಶೆಡ್ಡು ಯಾಕ್ರಿ?" ಎಂದರು ಮಾವ. "ಮನೆಯಾಗೆ ಕೈ ಇಲ್ಲೇನು? ನಾವೇ ತೆಗೀತೀವಿ. ನೀವು ಶ್ರಾವಣಕ್ಕ ಬಂದು ಬಣ್ಣ ಹೊಡೀರಿ ಸಾಕು."

ಅಸ್ತರ್ ಎಂದರೆ ಬಣ್ಣಕ್ಕೆ ಮೊದಲು ತಗಡಿಗೆ ಹಚ್ಚುವ ಕೆಂಪು ಲೇಪ. ಸಾಬರು ಅದನ್ನು ಮಾವನವರಿಗೆ ಮಗುವಿಗೆ ಹೇಳುವ ಹಾಗೆ ಹೇಳಿದರು. ಹಳೇ ಬಣ್ಣ ತೆಗೆದ ದಿನವೇ ಅಸ್ತರ್ ಬೀಳಬೇಕು, ಬರಿ ತಗಡು ಗಾಳಿಗೆ ಇರಬಾರದು, ಅದರಲ್ಲೂ ಈ ಜಿಟಿಜಿಟಿ ಮಳೆಯಲ್ಲಿ. ಹಾಗಾಗಿ ಸುಲಿಯುವುದನ್ನೂ ಶ್ರಾವಣಕ್ಕೇ ಇಟ್ಟುಕೊಳ್ಳಿ ಎಂದರು. ಮಾವ ನಕ್ಕರು. ಅವರ ವಿಚಾರ ಹೀಗಿತ್ತು: ಆಷಾಢದಲ್ಲಿ ಹೊಸದು ಹಚ್ಚಬಾರದು, ಸರಿ, ಹಳೆಯದು ತೆಗೆಯುವುದಕ್ಕೆ ಯಾವ ಶಾಸ್ತ್ರದ ಅಡ್ಡಿಯೂ ಇಲ್ಲ. ಆಷಾಢ ಪೂರ್ತಿ ಸುಲಿದಿಟ್ಟರೆ, ಶ್ರಾವಣದ ಮೊದಲ ದಿನವೇ ಬಣ್ಣ ಶುರು. ಒಂದು ತಿಂಗಳು ಉಳಿಯಿತಲ್ಲ! ಮಳೆ, ಗಾಳಿ, ಕಬ್ಬಿಣ ಇವು ಪಂಚಾಂಗ ನೋಡುವುದಿಲ್ಲ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಸಾಬರು ಚಹಾ ಕುಡಿದು, ಕಪ್ಪು ಕೆಳಗಿಟ್ಟು, ನನ್ನ ಗಂಡನ ಮುಖ ನೋಡಿದರು. ನನ್ನ ಗಂಡ ಒಂದು ವರ್ಷ ಕಾಲೇಜಿನಲ್ಲಿ ವಿಜ್ಞಾನ ಓದಿದವರು. ಅವರು ಚಾವಣಿ ನೋಡಿದರು.

ಆಷಾಢ ಹುಟ್ಟಿದ ಮೇಲೆ ಬಾನೆಟ್ಟು, ನಾಲ್ಕು ಬಾಗಿಲು, ಮಡ್‌ಗಾರ್ಡು, ಡಿಕ್ಕಿಯ ಮುಚ್ಚಳ ಎಲ್ಲವನ್ನೂ ಬಿಚ್ಚಿ ಹಿತ್ತಲಲ್ಲಿ ಗೋಣಿತಾಟಿನ ಮೇಲೆ ಹರಡಿದರು. ಬಿಚ್ಚಿದ ಬೋಲ್ಟುಗಳನ್ನು ನನ್ನ ಸಾಸಿವೆ ಡಬ್ಬಿಯಲ್ಲಿ ಹಾಕಿದರು. ಸಾಬೂನು ಮಾಡುವವರ ಹತ್ತಿರದಿಂದ ಕಾಸ್ಟಿಕ್ ಸೋಡಾ ತಂದರು. ಅದನ್ನು ನೀರಿನಲ್ಲಿ ಕರಗಿಸಿ, ಮೈದಾ ಗಂಜಿಯ ಜೊತೆ ಕಲಸಿ, ಬಣ್ಣದ ಮೇಲೆ ಬಳಿದು ಬಿಟ್ಟರೆ ಬಣ್ಣ ಮೆತ್ತಗಾಗಿ ಎದ್ದು ಬರುತ್ತದೆ. ಇಷ್ಟನ್ನು ಸಾಬರಿಂದ ಕೇಳಿಕೊಂಡಿದ್ದರು. ಯಾವ ಪಾತ್ರೆಯಲ್ಲಿ ಕಲಸಬೇಕು ಎಂದು ಕೇಳಿರಲಿಲ್ಲ.

ಮಾವ ಆರಿಸಿಕೊಂಡದ್ದು ನನ್ನ ತವರಿನಿಂದ ಬಂದ ಅಲ್ಯೂಮಿನಿಯಂ ಬೋಗುಣಿಯನ್ನು.

"ಮಾವ, ಅದರಾಗ ಬ್ಯಾಡ್ರಿ. ಸೋಡಾ ಅಲ್ಯೂಮಿನಿಯಂ ತಿಂತೈತೆ. ಮಣ್ಣಿನ ಬಾನಿ ಕೊಡ್ತೀನಿ," ಎಂದೆ. ಶಾಲೆಯಲ್ಲಿ ಓದಿದ್ದು.

"ಸೋಡಾ ಪಾತ್ರೆ ತಿಂತೈತಂತೆ," ಎಂದು ಅವರು ಮಗನಿಗೆ ಹೇಳಿದರು. ಇಬ್ಬರೂ ನಕ್ಕರು. ಮಗ ಸ್ವಲ್ಪ ಕಡಿಮೆ ನಕ್ಕರು, ಅಷ್ಟೇ ವ್ಯತ್ಯಾಸ.

ನೀರು ಬಿದ್ದ ಕೂಡಲೇ ಬೋಗುಣಿ ಬುಸುಗುಟ್ಟಿತು. ನೊರೆ ಉಕ್ಕಿತು, ಹೊಗೆ ಎದ್ದಿತು, ಮಾವ ಪಂಚೆ ಎತ್ತಿಕೊಂಡು ಬಾವಿಕಟ್ಟೆಯ ತನಕ ಓಡಿದರು. ಅಂಥ ಹೊಟ್ಟೆಯ ಮನುಷ್ಯ ಅಷ್ಟು ವೇಗವಾಗಿ ಓಡಬಲ್ಲರು ಅಂತ ನನಗೆ ಗೊತ್ತಿರಲಿಲ್ಲ. ಬೋಗುಣಿಯ ತಳ ಜರಡಿಯಾಯಿತು. ನಾನು ಮಣ್ಣಿನ ಬಾನಿಯನ್ನು ತಂದು ಅವರ ಮುಂದಿಟ್ಟೆ. ಆ ದಿನ ನನಗೆ ಅನ್ನ ರುಚಿಯಾಗಿತ್ತು.

ಮೂರು ವಾರ ಹೆರೆದರು. ಬಳಿಯುವುದು, ಒದ್ದೆ ಗೋಣಿ ಮುಚ್ಚುವುದು, ಕಾಯುವುದು, ಹೆರೆಯುವುದು. ಹೆರೆಯಲು ನನ್ನ ದೋಸೆ ಮಗುಚುವ ಕೈಯನ್ನೂ ಒಯ್ದರು. ಕಪ್ಪಿನ ಕೆಳಗೆ ಹಸಿರು ಬಂತು, ಹಸಿರಿನ ಕೆಳಗೆ ಬೂದಿ ಬಣ್ಣ, ಅದರ ಕೆಳಗೆ ಇನ್ನೊಂದು ಕಪ್ಪು. ಎಷ್ಟು ಮಂದಿ ಒಡೆಯರು ಅದರ ಮುಖ ಮುಚ್ಚಿಟ್ಟು ಇನ್ನೊಬ್ಬರಿಗೆ ದಾಟಿಸಿದ್ದರೋ! ಮಾವನವರಿಗೆ ಮಾತ್ರ ಪ್ರತಿ ಪದರಕ್ಕೂ ಸಂತೋಷ. "ನೋಡು ಎಷ್ಟು ಬಣ್ಣ ಐತೆ! ಮೋಸ ಇಲ್ಲ," ಎನ್ನುತ್ತಿದ್ದರು. ಹಿತ್ತಲಿನ ಕಲ್ಲಿನ ಮೇಲೆಲ್ಲ ಬಣ್ಣದ ಲೋಳೆ. ನನ್ನ ಗಂಡನ ಪಂಚೆಗಳಲ್ಲಿ ತೂತು, ಬೆರಳುಗಳಲ್ಲಿ ಬೊಕ್ಕೆ. ಸಂಜೆ ಕೊಬ್ಬರಿ ಎಣ್ಣೆ ಹಚ್ಚಿಕೊಡುವಾಗ ನಾನು ಕೇಳುತ್ತಿದ್ದೆ.

"ನಿಮಗೂ ಗೊತ್ತೈತಲ್ಲ, ಹಿಂಗೆ ಬಿಟ್ರೆ ತುಕ್ಕು ಹಿಡೀತೈತೆ. ಒಂದು ಮಾತು ನಿಮ್ಮಪ್ಪಾರಿಗೆ ಹೇಳ್ರಿ."

"ಅಪ್ಪ ಹೇಳ್ಯಾರಲ್ಲ, ಶ್ರಾವಣಕ್ಕ ಅಂತ."

"ಅವರು ಹೇಳಿದ್ದು ನಂಗೂ ಕೇಳೈತೆ. ನೀವು ಏನು ಹೇಳ್ತೀರಿ ಅಂತ ಕೇಳಿದ್ದು."

"ನೀ ಸುಮ್ಕಿರು," ಎನ್ನುತ್ತಿದ್ದರು. ಬೊಕ್ಕೆ ಎದ್ದ ಬೆರಳಿಗೆ ಎಣ್ಣೆಯನ್ನು ಸ್ವಲ್ಪ ಒರಟಾಗಿಯೇ ಹಚ್ಚುತ್ತಿದ್ದೆ. ಮಾವನವರ ಮೇಲೆ ನನಗಿದ್ದದ್ದು ಸಿಟ್ಟು. ಗಂಡನನ್ನು ಕಂಡರೆ ತಾತ್ಸಾರ. ತಿಳಿಯದವರನ್ನು ಬೈಯಬಹುದು. ತಿಳಿದೂ ಗೋಣು ಆಡಿಸುವವರ ಜೊತೆ ಬಾಳುವುದು ಹೇಗೆ ಎಂದು ನನಗೆ ಯಾವ ಟ್ರೈನಿಂಗಿನಲ್ಲೂ ಹೇಳಿಕೊಟ್ಟಿರಲಿಲ್ಲ.

ತಗಡು ಬರಿದಾಯಿತು. ಬೆಳ್ಳಗೆ ಹೊಳೆಯುತ್ತಿತ್ತು, ನಿಜಕ್ಕೂ ಚೆನ್ನಾಗಿತ್ತು. ಆಷಾಢ ಮುಗಿಯಲು ಇನ್ನೂ ಎಂಟು ದಿನ ಬಾಕಿ. ಹಿತ್ತಲಿಗೆ ತಗಡಿನ ಮಾಡು ಹಾಕಿಸಿದ್ದರೂ ತೇವ ಎಲ್ಲಿಂದಲೂ ಬರುತ್ತಿತ್ತು. ಸಾಬರು ಹೋಗುವ ಮುಂಚೆ ಕಡೆಯ ಮಾತು ಎಂದು ಇನ್ನೊಂದು ಹೇಳಿ ಹೋಗಿದ್ದರು: ನನ್ನ ಮಾತು ಕೇಳದಿದ್ದರೆ ಬಿಡಿ, ಕೊನೆಗೆ ಎಣ್ಣೆಯನ್ನಾದರೂ ಸವರಿಡಿ, ಬಣ್ಣದ ದಿನ ಸೀಮೆಎಣ್ಣೆಯಲ್ಲಿ ತೊಳೆದುಕೊಳ್ಳುತ್ತೇನೆ. ಅಂಗಡಿಯಲ್ಲಿ ಶೇಂಗಾ ಎಣ್ಣೆಯ ಡಬ್ಬಿಗಳು ಸಾಲಾಗಿದ್ದವು. ನಾನು ಒಂದು ತಟ್ಟೆಯಲ್ಲಿ ಎಣ್ಣೆ, ಹಳೇ ಬಟ್ಟೆ ಹಿಡಿದು ಹಿತ್ತಲಿಗೆ ಬಂದೆ.

ಮಾವ ಹೌಹಾರಿದರು. "ಏನು ಮಾಡ್ತಿ ನೀನು? ಕಬ್ಬಿಣಕ್ಕ ಎಣ್ಣೆ ಹಚ್ಚೋದು ಯಾರಿಗೆ ಗೊತ್ತೈತೇನು? ಶನಿ ದೇವ್ರಿಗೆ! ಆಷಾಢದಾಗ, ಮನೆಯಾಗೆ, ಇಷ್ಟು ಕಬ್ಬಿಣಕ್ಕ ಎಣ್ಣೆ ಹಚ್ಚಿಟ್ರೆ ಅವನ್ನ ಕರೆದು ಮಣೆ ಹಾಕಿ ಕೂಡ್ಸಿದಂಗ ಆಗಲ್ಲೇನು? ಒಯ್ಯಿ ಒಳಗ!"

ಅದೇ ಮನೆಯ ಒಲೆಯ ಹಿಂದೆ ರೊಟ್ಟಿಯ ಹಂಚು ಒರಗಿ ನಿಂತಿತ್ತು. ಕಬ್ಬಿಣದ್ದು. ಅತ್ತೆ ದಿನಾ ಸಂಜೆ ಅದಕ್ಕೆ ಎಣ್ಣೆ ಸವರಿಡುತ್ತಿದ್ದರು. ಆ ಎಣ್ಣೆಗೆ ಬಾರದ ಶನಿ ಕಾರಿನ ಬಾಗಿಲಿಗೆ ಬರುತ್ತಾನೆ ಎಂದು ಅಂಗಡಿ ನಡೆಸುವ ಗಂಡಸು ನಂಬಿದ್ದ. ನಾನು ತಟ್ಟೆ ಒಳಗಿಟ್ಟೆ. ಮಾವ ಸ್ನಾನ ಮಾಡಿ ಬಂದರು. ಎಣ್ಣೆಗೆ ಬದಲು ವಿಭೂತಿ. ಗಟ್ಟಿಯನ್ನು ನೀರಿನಲ್ಲಿ ತೇದು, ಮೂರು ಬೆರಳಿನಲ್ಲಿ ಬಾನೆಟ್ಟಿನ ಮೇಲೆ ಇಷ್ಟಗಲ ಮೂರು ಗೆರೆ ಎಳೆದು, ನಡುವೆ ಒಂದು ಕುಂಕುಮದ ಬೊಟ್ಟು ಇಟ್ಟರು. ಮೇಲೆ ಗೋಣಿ ಮುಚ್ಚಿದರು. ನಾನೂ ದಿನಾ ಹಣೆಗೆ ವಿಭೂತಿ ಹಚ್ಚುವವಳೇ. ಆದರೆ ನನ್ನ ಹಣೆ ತುಕ್ಕು ಹಿಡಿಯುವುದಿಲ್ಲ.

ಆಷಾಢದ ಕೊನೆಯ ದಿನ ಗೋಣಿ ಎತ್ತಿದರು. ಬಾಗಿಲುಗಳು, ಮಡ್‌ಗಾರ್ಡುಗಳು ಮೈಯೆಲ್ಲ ಕೆಂಪು ಪುಡಿ ಬಳಿದುಕೊಂಡು ಬಿದ್ದಿದ್ದವು. ಬಾನೆಟ್ಟಿನಲ್ಲಿ ಮಾತ್ರ, ವಿಭೂತಿ ನೀರು ಹಿಡಿದುಕೊಂಡಲ್ಲೆಲ್ಲ ತುಕ್ಕು ಆಳವಾಗಿ ಇಳಿದು, ಮೂರು ಗಾಢ ಗೆರೆ, ನಡುವೆ ಒಂದು ದುಂಡು ಬೊಟ್ಟು. ಯಾರೋ ಕೊರೆದ ಹಾಗೆ ಕಾಣುತ್ತಿತ್ತು. ಮಾವನವರ ಮುಖ ಬಾಡಿತು. ಒಂದು ಗಳಿಗೆ ನನಗೆ ಅವರನ್ನು ನೋಡಿ ಪಾಪ ಅನ್ನಿಸಿತು. ಹಾಳಾದ ಕರುಣೆ! ಅಷ್ಟರಲ್ಲಿ ಎದುರು ಮನೆಯ ಅಜ್ಜಿ ಮಜ್ಜಿಗೆ ಕೇಳಲು ಬಂದಳು, ಬಾನೆಟ್ಟು ನೋಡಿದಳು, ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟು ನೆಲಕ್ಕೆ ಹಣೆ ಹಚ್ಚಿದಳು.

"ಯಪ್ಪಾ, ಸ್ವಾಮಿ ಮೂಡ್ಯಾನಲ್ಲೋ ನಿಮ್ಮ ಮನೆಯಾಗೆ!"

ಮಾವ ಅಜ್ಜಿಯನ್ನು ನೋಡಿದರು, ಬಾನೆಟ್ಟನ್ನು ನೋಡಿದರು. ಬಾಡಿದ್ದ ಮುಖ ಹಂತ ಹಂತವಾಗಿ ಅರಳಿದ್ದನ್ನು ನಾನು ಬಾಗಿಲಲ್ಲಿ ನಿಂತು ಕಣ್ಣಾರೆ ಕಂಡೆ. ತಾನು ಮಾಡಿದ ತಪ್ಪು ಹೀಗೆ ಪುಣ್ಯವಾಗಿ ತಿರುಗಿ ಬಂದರೆ ಯಾರಿಗೆ ಬೇಡ? ಎರಡೂ ಕೈ ಮುಗಿದು, "ಹೌದಲ್ಲ!" ಎಂದರು.

ಮರುದಿನದಿಂದ ಶ್ರಾವಣ, ಮನೆಯಲ್ಲಿ ಜಾತ್ರೆ. ಮಂಡಿಪೇಟೆಯ ದಲಾಲಿಗಳು, ಹಮಾಲರು, ಅವರ ಹೆಂಡಿರು, ಹೆಂಡಿರ ತಾಯಂದಿರು, ಎಲ್ಲರೂ ಅಂಗಡಿಯಿಂದ ಒಳಗೆ ಬಂದು, ಅಡುಗೆಮನೆ ದಾಟಿ, ಹಿತ್ತಲಿಗೆ ಹೋಗಿ ತುಕ್ಕಿಗೆ ಕೈ ಮುಗಿದರು. ಕಾಯಿ ಒಡೆದರು. ಕಾಯಿಯ ನೀರು ಬಾನೆಟ್ಟಿನ ಮೇಲೇ ಚೆಲ್ಲಿ ಗೆರೆಗಳು ಇನ್ನಷ್ಟು ಕೆಂಪಾದವು. ಕೆಂಪಾದಷ್ಟೂ ಜನ ಹೆಚ್ಚಾದರು. ಮಾವ ಹೆಗಲ ಮೇಲೆ ಶಲ್ಯ ಹೊದ್ದು ಪಕ್ಕದಲ್ಲಿ ನಿಂತು, "ಆಷಾಢದಾಗೇ ಅನಸಿತ್ತು ನಂಗೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅಷ್ಟೂ ಜನಕ್ಕೆ ಪಾನಕ ಮಾಡಿದವಳು ನಾನು. ಲಿಂಬೆಹಣ್ಣು ಹಿಂಡುತ್ತಾ, ಈ ರಸವನ್ನು ಆ ಗೆರೆಗಳ ಮೇಲೆ ಹಿಂಡಿದರೆ ಅರ್ಧ ಸ್ವಾಮಿ ಕರಗಿ ಹೋಗುತ್ತಾನೆ ಎಂದು ಯೋಚಿಸುತ್ತಿದ್ದೆ.

ಪೇಂಟರ್ ಸಾಬರು ಹೇಳಿದ ದಿನಕ್ಕೆ ಸರಿಯಾಗಿ ಬಂದರು. ತುಕ್ಕು ಹಿಡಿದ ಬಾಗಿಲುಗಳನ್ನು ನೋಡಿ ಅಂಗಿಯ ತೋಳು ಮಡಚಿ ಕೂತು, ಎರಡು ದಿನ ಉಪ್ಪುಕಾಗದದಲ್ಲಿ ತಿಕ್ಕಿ ತಿಕ್ಕಿ ತಗಡನ್ನು ಮತ್ತೆ ಬೆಳ್ಳಗೆ ಮಾಡಿ, ಅವತ್ತವತ್ತೇ ಅಸ್ತರ್ ಹೊಡೆದರು. ಬಾನೆಟ್ಟಿನ ಹತ್ತಿರ ಬಂದಾಗ ಮಾವ ಅಡ್ಡ ನಿಂತರು.

"ಅದನ್ನ ತಿಕ್ಕಂಗಿಲ್ಲ. ಹಂಗೇ ಮ್ಯಾಲೆ ಹೊಡೀರಿ."

"ತುಕ್ಕಿನ ಮ್ಯಾಲೆ ನಾನು ಬಣ್ಣ ಹೊಡಿಯಲ್ಲ ಸಾವ್ಕಾರ್ರೆ."

"ಅದು ತುಕ್ಕಲ್ಲ."

ಸಾಬರು ಕೈ ಒರೆಸಿಕೊಂಡು ಎದ್ದರು. "ನಿಮ್ಮ ದೇವ್ರ ವಿಷಯದಾಗ ನಾನು ಮಾತಾಡಲ್ಲ. ನನ್ನ ಕೆಲಸದ ವಿಷಯ ಮಾತ್ರ ಹೇಳ್ದೆ. ಏನು ಮಾಡ್ಬೇಕು ಅಂತ ನೀವೇ ತೀರ್ಮಾನ ಮಾಡಿ ಹೇಳಿ ಕಳಿಸ್ರಿ," ಎಂದು ಹರಿಹರದ ಬಸ್ಸಿಗೆ ಹೊರಟುಹೋದರು. ಆ ವಾರದಲ್ಲಿ ನಮ್ಮ ಮನೆಯಲ್ಲಿ ಕೇಳಿದ ಬುದ್ಧಿಯ ಮಾತು ಅದೊಂದೇ.

ನನ್ನ ಶನಿವಾರಕ್ಕೆ ಆರು ದಿನ ಉಳಿದಿತ್ತು. ಭಾನುವಾರ ಮಾವ, ನನ್ನ ಗಂಡ ಇಬ್ಬರೂ ಶಾಮನೂರಿನಲ್ಲಿ ನೆಂಟರ ಮನೆಯ ಊಟಕ್ಕೆ ಹೋದರು. ಮಧ್ಯಾಹ್ನ. ಅಂಗಡಿ ಮುಚ್ಚಿತ್ತು. ಅತ್ತೆ ಒಳಗೆ ಮಲಗಿದ್ದರು. ಸಾಬರು ಬಿಟ್ಟುಹೋಗಿದ್ದ ಉಪ್ಪುಕಾಗದ ತೆಗೆದುಕೊಂಡು ನಾನು ಬಾನೆಟ್ಟಿನ ಮುಂದೆ ಕೂತೆ. ಮೊದಲ ಗೆರೆಯ ಮೇಲೆ ಕೈ ಇಟ್ಟಾಗ ಎದೆ ಹೊಡೆದುಕೊಂಡಿತು, ಸುಳ್ಳು ಯಾಕೆ ಹೇಳಲಿ. ಎಷ್ಟೇ ಓದಿದ್ದರೂ ಒಮ್ಮೆ ಕೈ ಹಿಂದಕ್ಕೆ ತೆಗೆದೆ. ಆಮೇಲೆ ಟ್ರಂಕಿನಲ್ಲಿದ್ದ ಕಾಗದ ನೆನಪಾಯಿತು, ತಿಕ್ಕಿದೆ.

ಅರ್ಧ ಗೆರೆ ಹೋಗಿತ್ತು. ಹಿಂದೆ ಬಳೆಯ ಸದ್ದಾಯಿತು. ಅತ್ತೆ ಬಾಗಿಲಲ್ಲಿ ನಿಂತಿದ್ದರು.

ಅತ್ತೆಯನ್ನು ನಾನು ಆ ಮೂರು ವರ್ಷ ಮನುಷ್ಯರ ಲೆಕ್ಕಕ್ಕೇ ಇಟ್ಟಿರಲಿಲ್ಲ. ಅಕ್ಷರ ಬಾರದವರು, ಗಂಡ ಕೂಡು ಎಂದರೆ ಕೂಡುವವರು, ಏಳು ಎಂದರೆ ಏಳುವವರು. ಈಗ ಬಾಯಿ ಬಡಿದುಕೊಂಡು ಓಣಿ ಕೂಡಿಸುತ್ತಾರೆ ಎಂದುಕೊಂಡೆ. ಅವರು ಸೀರೆ ಎತ್ತಿ ಕಟ್ಟಿ, ನನ್ನ ಎದುರಿಗೆ ಕೂತು, ಇನ್ನೊಂದು ತುಂಡು ಉಪ್ಪುಕಾಗದ ತೆಗೆದುಕೊಂಡು ಕೆಳಗಿನ ಗೆರೆ ಹಿಡಿದರು.

"ಹಂಗ ಅಲ್ಲ. ಒಂದೇ ಕಡೆ ಎಳಿ," ಎಂದರು. "ಮೂವತ್ತು ವರ್ಷ ಹಂಚು ತಿಕ್ಕೀನಿ. ತುಕ್ಕು ಯಾವುದು ಅಂತ ನಂಗೆ ಗೊತ್ತಾಗಲ್ಲೇನು?"

ನಾನು ಅವರು ಹೇಳಿದ ಹಾಗೆ ಒಂದೇ ಕಡೆಗೆ ಎಳೆದೆ.

"ದಿನಾ ಎಣ್ಣೆ ಸವರ್ತೀನಿ ಹಂಚಿಗೆ. ಯಾವ ಶನಿ ಬಂದಾನ? ಬಂದಿದ್ರೆ ಮುಂದಿನ ಬಾಗ್ಲಿಂದ ಬಂದಿರ್ಬೇಕು, ಶಲ್ಯ ಹೊದ್ಕಂಡು."

ನಾನು ನಕ್ಕೆ. ಅತ್ತೆ ನಗಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ತಿಕ್ಕಿದೆವು. ಆಮೇಲೆ ಅವರು ತಲೆ ಎತ್ತದೆ ಹೇಳಿದರು.

"ನೀನು ನಾಳೆ ಮುಂಜಾನೆ ಬಸ್ಸಿಗೆ ಹೋಗಿ ಸಹಿ ಹಾಕಿ ಬಾ. ಇವ್ರಿಗೆ ನಾನು ಹೇಳ್ಕಂತೀನಿ. ಬೈತಾರೆ, ಬೈಲಿ. ಈ ಕಾರು ನಂಬ್ಕಂಡು ಕೂಡ್ರಬ್ಯಾಡ."

ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಮೂರು ವರ್ಷದಲ್ಲಿ ಆ ಮನೆಯಲ್ಲಿ ಒಬ್ಬರು ನನ್ನ ಪರವಾಗಿ ಆಡಿದ ಮೊದಲ ಮಾತು. ನಾನು ಏನು ಹೇಳಿದೆ?

"ಇನ್ನೂ ಆರು ದಿನ ಐತಲ್ಲತ್ತೆ. ಇದು ಹೋಯ್ತಂದ್ರೆ ಬಣ್ಣ ಆಗೇಬಿಡ್ತೈತೆ. ಕಾರಿನಾಗೇ ಹೋಗ್ತೀನಿ."

ಅತ್ತೆ ನನ್ನ ಮುಖವನ್ನು ಒಂದು ಸಲ ನೋಡಿದರು. ಮತ್ತೆ ಆ ಮಾತು ಎತ್ತಲಿಲ್ಲ.

ಸಂಜೆ ಬಂದ ಮಾವ ಹಿತ್ತಲಿಗೆ ಹೋಗಿ, ಬೋಳು ಬಾನೆಟ್ಟು ನೋಡಿ ಕೂಗಿದರು. "ಯಾರು? ಯಾರು ಇದು ಮಾಡ್ದೋರು?"

ಅತ್ತೆ ಅಕ್ಕಿ ಆರಿಸುತ್ತಿದ್ದರು. "ಯಾರು ಮಾಡ್ತಾರ? ಮಧ್ಯಾಹ್ನ ನೋಡಿದ್ರ ಇರ್ಲಿಲ್ಲ. ಬಂದಂಗೆ ಹೋದ ಸ್ವಾಮಿ," ಎಂದರು. ಕಲ್ಲೊಂದು ಸಿಕ್ಕಿತು, ಬದಿಗೆ ಹಾಕಿದರು.

ಮಾವ ತುಂಬ ಹೊತ್ತು ನಿಂತು ಯೋಚಿಸಿದರು. ಯೋಚಿಸಿ ಯೋಚಿಸಿ ಅವರು ಕಂಡುಕೊಂಡದ್ದೇನೆಂದರೆ, ಶ್ರಾವಣ ಸೋಮವಾರದ ಹಿಂದಿನ ದಿನ ಸ್ವಾಮಿ ತಾನಾಗಿ ಜಾಗ ಖಾಲಿ ಮಾಡಿದ್ದಾನೆ ಅಂದರೆ ಬಣ್ಣ ಹೊಡೆಯಲು ಅಪ್ಪಣೆ ಕೊಟ್ಟಿದ್ದಾನೆ. ಆಗಲೇ ಸಾಬರಿಗೆ ಹೇಳಿ ಕಳಿಸಿದರು. ನನ್ನ ಗಂಡ ಊಟಕ್ಕೆ ಕೂತಾಗ ನನ್ನ ಬೆರಳು ನೋಡಿದರು. ಉಗುರಿನ ಸಂದಿಯಲ್ಲೆಲ್ಲ ತುಕ್ಕಿನ ಕೆಂಪು. ಅವರ ತಾಯಿಯ ಉಗುರನ್ನೂ ನೋಡಿದರು. ಸಾರು ಹಾಕು ಎಂದರು.

ಸೋಮವಾರದಿಂದ ಶುಕ್ರವಾರದ ತನಕ ಸಾಬರು ಕೆಲಸ ಮಾಡಿದರು. ಗಾಢ ನೀಲಿ ಬಣ್ಣ. ಬಾನೆಟ್ಟನ್ನು ಇನ್ನೂ ಒಂದು ದಿನ ತಿಕ್ಕಬೇಕು, ಬೇರು ಒಳಗಿದೆ ಎಂದರು. ಮಾವ ಸಮಯವಿಲ್ಲ ಎಂದರು. ಒಂದು ತಿಂಗಳು ಉಳಿಸಿದ್ದ ಮನುಷ್ಯನ ಹತ್ತಿರ ಒಂದು ದಿನ ಇರಲಿಲ್ಲ. ಶುಕ್ರವಾರ ಸಂಜೆ ಬಾಗಿಲು, ಬಾನೆಟ್ಟು ಎಲ್ಲ ಜೋಡಿಸಿ ಮನೆಯ ಮುಂದೆ ನಿಲ್ಲಿಸಿದಾಗ, ಅದರಲ್ಲಿ ಓಣಿಯ ಮನೆಗಳೆಲ್ಲ ಕಾಣುತ್ತಿದ್ದವು. ನಾನು ಬಾಗಿಲ ಸಂದಿಯಿಂದ ನೋಡಿದೆ, ಹೊಟ್ಟೆ ತಣ್ಣಗಾಯಿತು. ನಾಳೆಗೆ ಉಡುವ ಸೀರೆ ತೆಗೆದಿಟ್ಟೆ.

"ನಾಳೆ ಬ್ಯಾಡ," ಎಂದರು ಮಾವ ಊಟದ ಹೊತ್ತಿಗೆ. "ಶನಿವಾರ ಕಬ್ಬಿಣದ ಗಾಡಿ ಮೊದಲ್ನೇ ಸಲ ಹೊರಗ ತೆಗೀತಾರೇನು? ಸೋಮವಾರ ಹೋಗಾಣ. ಎರಡು ದಿನಕ್ಕ ಏನಾಗ್ತೈತೆ?"

ಅತ್ತೆ ಬಡಿಸುತ್ತಿದ್ದ ಕೈ ನಿಲ್ಲಿಸಿ ನನ್ನ ಕಡೆ ನೋಡಿದರು. ಕಾದರು. ನನಗೆ ಅವರು ಏನನ್ನು ಕಾಯುತ್ತಿದ್ದಾರೆಂದು ಚೆನ್ನಾಗಿ ಗೊತ್ತಿತ್ತು. ದೊಡ್ಡ ಟೀಚರು ನನ್ನನ್ನು ಐದು ವರ್ಷ ಓದಿಸಿದವರು, ಎರಡು ದಿನ ನಿಲ್ಲುತ್ತಾರೆ ಎಂದು ನಾನು ನನಗೇ ಹೇಳಿಕೊಂಡೆ. ತಲೆ ತಗ್ಗಿಸಿ ರೊಟ್ಟಿ ಮುರಿದೆ. ಪಕ್ಕದಲ್ಲಿ ನನ್ನ ಗಂಡ ಕೂಡ ಹಾಗೇ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದರು.

ಸೋಮವಾರ ನಾಲ್ವರೂ ಹೋದೆವು. ಮುಂದೆ ಕಾರು ನಡೆಸುತ್ತಾ ನನ್ನ ಗಂಡ, ಪಕ್ಕದಲ್ಲಿ ಮಾವ; ಹಿಂದೆ ನಾನು, ಅತ್ತೆ. ಶಾಲೆಯ ಗೇಟಿನ ಮುಂದೆ ಕಾರು ನಿಂತಿತು. ನಾನು ಸೆರಗು ಸರಿಮಾಡಿಕೊಂಡು ಇಳಿದೆ. ಕಿಟಕಿಗಳಲ್ಲಿ ಮುಖಗಳು ತುಂಬಿದವು. ಎಲ್ಲವೂ ನಾನು ಕಲ್ಪಿಸಿಕೊಂಡ ಹಾಗೇ ನಡೆಯಿತು. ದೊಡ್ಡ ಟೀಚರು ಹೊರಗೆ ಬಂದು, ಕನ್ನಡಕ ಮೇಲೆತ್ತಿ ನೋಡಿದರು.

"ಕಾರು ಚೆನ್ನಾಗಿದೆಯಮ್ಮ," ಎಂದರು. ಆಮೇಲೆ ನನ್ನ ಕೈ ಹಿಡಿದುಕೊಂಡರು. ಆಗಲೇ ಗೊತ್ತಾಯಿತು ನನಗೆ. "ಶನಿವಾರ ಶಾಲೆ ಬಿಟ್ಟ ಮೇಲೂ ಒಂದು ತಾಸು ಕಾದೆ. ಕಮಿಟಿಯವರೂ ಕೂತಿದ್ದರು. ಇನ್ನೊಬ್ಬ ಹುಡುಗಿ ಬೆಳಗಿಂದ ವರಾಂಡದಲ್ಲಿ ಕಾಯ್ತಾ ಇದ್ದಳು. ಕಡರನಾಯಕನಹಳ್ಳಿಯವಳು. ನಿನ್ನಷ್ಟು ಮಾರ್ಕು ಇಲ್ಲ. ಆದರೆ ಬಂದಿದ್ದಳಲ್ಲ."

"ಅಲ್ಲಿಂದ ದಿನಾ ಹೇಗೆ ಬರ್ತಾಳೆ?" ಎಂದೆ. ಆ ಹೊತ್ತಿನಲ್ಲಿ ಅದೇ ಪ್ರಶ್ನೆ ಯಾಕೆ ಬಾಯಿಗೆ ಬಂತೋ.

"ನಡೆದು," ಎಂದರು.

ಏಳನೇ ಕ್ಲಾಸಿನ ಬಾಗಿಲು ತೆರೆದಿತ್ತು. ಹೊಸ್ತಿಲ ಹೊರಗೆ ಕೆಸರಾದ ಒಂದು ಜೊತೆ ಚಪ್ಪಲಿ. ಒಳಗೆ ಬೋರ್ಡಿನ ಮುಂದೆ ಸಣಕಲು ಹುಡುಗಿಯೊಬ್ಬಳು ಭಿನ್ನರಾಶಿ ಬರೆಯುತ್ತಿದ್ದಳು. ಸೀರೆಯ ಅಂಚು ಗೇಣುದ್ದ ಒದ್ದೆಯಾಗಿತ್ತು. ನಾನು ನಿಂತು ನೋಡಿದೆ. ಲೆಕ್ಕ ಸರಿಯಾಗಿತ್ತು. ಗೇಟಿನ ಹತ್ತಿರ ಮಾವ ಮಕ್ಕಳನ್ನು ಗದರಿಸುವುದು ಕೇಳುತ್ತಿತ್ತು. "ಮುಟ್ಟಬ್ಯಾಡ್ರೋ, ಹೊಸ ಬಣ್ಣ ಐತೆ!"

ಮರುವರ್ಷದ ಮಳೆಗಾಲದಲ್ಲಿ ಬಾನೆಟ್ಟಿನ ನೀಲಿ ಅಡ್ಡಕ್ಕೆ ಮೂರು ಕಡೆ ಉಬ್ಬಿ, ಬಿರಿದು, ಕೆಂಪು ಗೆರೆಗಳು ಹೊರಗೆ ಬಂದವು. ಮಾವ ಮತ್ತೆ ಕೈ ಮುಗಿದರು. ಅಷ್ಟು ಹೊತ್ತಿಗೆ ಅವರನ್ನು ಆಡಿಕೊಂಡು ನಗುವ ಉತ್ಸಾಹ ನನ್ನಲ್ಲಿ ಉಳಿದಿರಲಿಲ್ಲ. ಅವರು ನಂಬಿದ್ದನ್ನು ಅವರು ಮಾಡಿದರು. ನಾನು ಯಾವುದನ್ನೂ ನಂಬದೆ ಅವರ ಕಾರಿಗೆ ಕಾದೆ. ನನ್ನ ಕಾಲನ್ನು ಯಾರೂ ಕಟ್ಟಿಹಾಕಿರಲಿಲ್ಲ, ಬಸ್ಸು ನಿಲ್ಲುವ ಜಾಗ ನಮ್ಮ ಮನೆಯಿಂದ ಹತ್ತು ನಿಮಿಷ.

ಆ ಸೋಮವಾರ ವಾಪಸು ಬರುವಾಗ ಮಾವ ಒಮ್ಮೆ, "ಹೋಗ್ಲಿ ಬಿಡಮ್ಮ, ಕಾರಂತೂ ಆತಲ್ಲ," ಎಂದರು. ಅರ್ಧ ದಾರಿಯಲ್ಲಿ ಎದುರಿಗೆ ಹರಿಹರದ ಬಸ್ಸು ಬಂತು. ಕಿಟಕಿಯಲ್ಲಿ ಹೆಂಗಸರು ಕೂತಿದ್ದರು, ಕೆಲವರು ನಮ್ಮ ಕಾರಿನ ಕಡೆ ಬಗ್ಗಿ ನೋಡಿದರು. ಅತ್ತೆ ಕತ್ತು ತಿರುಗಿಸಿ ಆ ಬಸ್ಸು ಮರೆಯಾಗುವ ತನಕ ನೋಡಿದರು. ನಾನು ನೋಡಲಿಲ್ಲ.